ಬೈಗುಳವೆಲ್ಲ ಕ್ವಾರ್ಟರ್‌ಬ್ಯಾಕ್‌ಗೇ ಯಾಕೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಕ್ರಿಕೆಟ್ ಕಡಿಮೆ, ಅಮೆರಿಕನ್ ಫುಟ್‌ಬಾಲ್ ಜಾಸ್ತಿ. ಪುಣೆಯಲ್ಲಿ ಇದು ಆಶ್ಚರ್ಯವೇನಲ್ಲ. ಹಿಂಜೇವಾಡಿ, ಖರಾಡಿ, ಮಗರ್‌ಪಟ್ಟಾದಲ್ಲಿ ಕೆಲಸ ಮಾಡುವ ನಮ್ಮ ಕನ್ನಡದ ಹುಡುಗ ಹುಡುಗಿಯರು ವಾರವೆಲ್ಲ ಅಮೆರಿಕದ ಕ್ಲೈಂಟ್‌ಗಳ ಜೊತೆ ಮಾತಾಡುತ್ತಾರೆ. ಸೋಮವಾರದ ಕಾಲ್ ಶುರುವಾಗುವುದೇ ಭಾನುವಾರದ ಮ್ಯಾಚಿನಿಂದ. ಕೇಳುತ್ತಾ ಕೇಳುತ್ತಾ ಕ್ಲೈಂಟಿನ ಊರಿನ ತಂಡ ನಮ್ಮದೇ ತಂಡ ಆಗಿಬಿಡುತ್ತದೆ. ನಾನು ಶಿಕಾಗೋ ಬೇರ್ಸ್ ಕಡೆಯವಳಾದದ್ದು ಹೀಗೇ. ಆಮೇಲೆ ಕೆಲವು ವರ್ಷ ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಇದ್ದೆ, ಅಭಿಮಾನ ಇನ್ನೂ ಗಟ್ಟಿಯಾಯಿತು. ಬಂದ ಪತ್ರಗಳ ದೂರು ಹೆಚ್ಚುಕಡಿಮೆ ಒಂದೇ: ನಮ್ಮ ಕ್ವಾರ್ಟರ್‌ಬ್ಯಾಕ್ ಸರಿ ಇಲ್ಲ, ಅಫೆನ್ಸ್ (ಚೆಂಡು ನಮ್ಮಲ್ಲಿರುವಾಗ ಆಡುವವರು) ಮುಂದೆ ಹೋಗುತ್ತಲೇ ಇಲ್ಲ.

ಪ್ರಶ್ನೆ: ಮೇಡಂ, ನನ್ನ ಮಗ ಭಾನುವಾರ ರಾತ್ರಿ ಹತ್ತೂವರೆಗೆ ಟಿವಿ ಮುಂದೆ ಕೂತರೆ ಒಂದೂವರೆ ತನಕ ಏಳುವುದಿಲ್ಲ. ಸಂತೋಷವಾಗಿ ನೋಡುತ್ತಾನಾ ಅಂದರೆ ಅದೂ ಇಲ್ಲ. "ಎಸಿಯೋ, ಎಸಿಯೋ" ಅಂತ ಒಬ್ಬನಿಗೇ ಬೈಯುತ್ತಾ ಇರುತ್ತಾನೆ. ಸೋಮವಾರ ತಿಂಡಿ ಕೂಡ ಸರಿಯಾಗಿ ಸೇರುವುದಿಲ್ಲ. ಯಾರು ಈ ಕ್ವಾರ್ಟರ್‌ಬ್ಯಾಕ್? ಹನ್ನೊಂದು ಜನ ಆಡುವಾಗ ಅವನೊಬ್ಬನ ಮೇಲೆ ಯಾಕೆ ಸಿಟ್ಟು?
– ಒಬ್ಬ ತಾಯಿ, ಕೋಥ್ರೂಡ್

ಉತ್ತರ: ಈ ಆಟದಲ್ಲಿ ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ ಸಿಗುತ್ತದೆ. ಹೋಗಲು ಆಗದಿದ್ದರೆ ಚೆಂಡು ಎದುರು ತಂಡಕ್ಕೆ. ಮೂರು ಅವಕಾಶ ಮುಗಿದರೂ ಹತ್ತು ಗಜ ಆಗದಿದ್ದಾಗ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದು ಬಿಟ್ಟುಕೊಡುತ್ತಾರೆ. ಅದೇ ಪಂಟ್. ನಿಮ್ಮ ಮಗ ತಲೆ ಮೇಲೆ ಕೈ ಇಟ್ಟುಕೊಳ್ಳುವುದು ಆಗಲೇ ಇರಬೇಕು.

ಇಂಥ ಒದೆತ ಬಿಟ್ಟರೆ ಹೆಚ್ಚುಕಡಿಮೆ ಪ್ರತಿ ಅವಕಾಶದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನ ಹೆಲ್ಮೆಟ್ಟಿನಲ್ಲಿ ಒಂದು ಸ್ಪೀಕರ್ ಇರುತ್ತದೆ. ಯಾವ ಪ್ಲೇ, ಅಂದರೆ ಮೊದಲೇ ಕಲಿತ ಯಾವ ತಂತ್ರ, ಆಡಬೇಕು ಅಂತ ಕೋಚ್ ಅದರಲ್ಲಿ ಹೇಳುತ್ತಾರೆ. ಪ್ಲೇ ಶುರು ಮಾಡಲು ಕೊಡುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ದನಿ ನಿಂತುಹೋಗುತ್ತದೆ. ಆಮೇಲೆ ಎಲ್ಲ ಅವನದ್ದೇ. ಎದುರಿಗೆ ಯಾರು ಎಲ್ಲಿ ನಿಂತಿದ್ದಾರೆ ನೋಡಬೇಕು, ಬೇಕಾದರೆ ಪ್ಲೇ ಬದಲಿಸಬೇಕು, ಚೆಂಡು ಬಂದ ಮೇಲೆ ಎರಡು ಮೂರು ಸೆಕೆಂಡಿನಲ್ಲಿ ಯಾರಿಗೆ ಎಸೆಯಬೇಕು ಅಂತ ನಿರ್ಧರಿಸಬೇಕು. ಅಷ್ಟರಲ್ಲಿ ನೂರು ಕಿಲೋಗಿಂತ ಜಾಸ್ತಿ ತೂಕದವರು ಅವನನ್ನು ಕೆಡವಲು ಓಡಿಬರುತ್ತಿರುತ್ತಾರೆ. ಟಿವಿ ಕ್ಯಾಮೆರಾ ಅವನ ಮೇಲೇ ಇರುತ್ತದೆ. ನೋಡುವವರ ಕಣ್ಣೂ ಅಲ್ಲೇ. ಹಾಗಾಗಿ ಸಿಟ್ಟೂ ಅಲ್ಲೇ.

ನಿದ್ದೆಯ ವಿಷಯಕ್ಕೆ ಬಂದರೆ, ನವೆಂಬರ್ ಮೊದಲ ವಾರ ಅಮೆರಿಕದಲ್ಲಿ ಗಡಿಯಾರ ಹಿಂದೆ ಸರಿಯುತ್ತದೆ. ಆಮೇಲೆ ಅದೇ ಮ್ಯಾಚ್ ನಮಗೆ ಹನ್ನೊಂದೂವರೆಗೆ ಶುರು. ಜಾಹೀರಾತು, ಬಿಡುವು ಎಲ್ಲ ಕತ್ತರಿಸಿ ಆಟ ಮಾತ್ರ ಉಳಿಸಿದ ಚಿಕ್ಕ ಆವೃತ್ತಿ ಸಿಗುತ್ತದೆ. ಅದನ್ನು ಸೋಮವಾರ ಸಂಜೆ ಸ್ಕೋರ್ ತಿಳಿಯದೆ ನೋಡಿದರೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಮಗನಿಗೆ ಹೇಳಿ ನೋಡಿ. ಅವನನ್ನು ಅಣಕಿಸಬೇಡಿ. "ನಿನ್ನೆ ನಿಮ್ಮ ಲೈನ್ ಹೇಗೆ ಆಡಿತು?" ಅಂತ ಒಂದು ಪ್ರಶ್ನೆ ಕೇಳಿ. ಮಾತು ತಾನಾಗೇ ಬರುತ್ತದೆ. ಲೈನ್ ಅಂದರೆ ಏನು ಅನ್ನುವುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಅಕ್ಕ, 2021ರಿಂದ ಬೇರ್ಸ್ ನೋಡುತ್ತಿದ್ದೇನೆ. ಮೊದಲು ಜಸ್ಟಿನ್ ಫೀಲ್ಡ್ಸ್, ಆಮೇಲೆ ಕೇಲೆಬ್ ವಿಲಿಯಮ್ಸ್. ಇಬ್ಬರೂ ಚೆಂಡು ಹಿಡಿದುಕೊಂಡು ನಿಂತೇ ಇರುತ್ತಾರೆ, ಯಾರೋ ಬಂದು ಕೆಡವುತ್ತಾರೆ. ತಪ್ಪು ಕ್ವಾರ್ಟರ್‌ಬ್ಯಾಕಿನದು ಅಂತ ನಾನು. ಲೈನಿನದು ಅಂತ ನನ್ನ ಟೀಮಿನ ಗೆಳೆಯ. ಕ್ಯಾಂಟೀನಿನಲ್ಲಿ ಮಾತು ಬಿಡುವ ಹಂತಕ್ಕೆ ಬಂದಿದ್ದೇವೆ. ನೀವೇ ತೀರ್ಪು ಕೊಡಿ.
– ಬೇರ್ಸ್ ಅಭಿಮಾನಿ, ವಾಕಡ್

ಉತ್ತರ: ನಿಮ್ಮ ಗೆಳೆಯನ ಕಡೆಗೇ ನನ್ನ ಮತ ಜಾಸ್ತಿ. ಯಾಕೆ ಅಂತ ಹೇಳುತ್ತೇನೆ.

ಕ್ವಾರ್ಟರ್‌ಬ್ಯಾಕ್ ಮುಂದೆ ಐದು ದೊಡ್ಡ ಆಳುಗಳು ಸಾಲಾಗಿ ನಿಲ್ಲುತ್ತಾರೆ. ನಡುವೆ ಸೆಂಟರ್, ಆಚೆ ಈಚೆ ಇಬ್ಬರು ಗಾರ್ಡ್, ತುದಿಗಳಲ್ಲಿ ಇಬ್ಬರು ಟ್ಯಾಕಲ್. ಅವರೇ ಅಫೆನ್ಸಿವ್ ಲೈನ್. ಚೆಂಡು ಅವರ ಕೈಗೆ ಬಂದು ನಿಲ್ಲುವುದಿಲ್ಲ, ಅವರ ಹೆಸರಿನ ಜೆರ್ಸಿ ಹಾಕಿಕೊಂಡವರನ್ನು ನಾನು ಬೇರ್ಸ್ ಮೈದಾನ ಸೋಲ್ಜರ್ ಫೀಲ್ಡ್‌ನಲ್ಲೂ ಅಪರೂಪಕ್ಕೆ ನೋಡಿದ್ದೇನೆ. ಆದರೆ ಪ್ರತಿಯೊಂದು ಪಾಸ್ ನಿಂತಿರುವುದು ಅವರ ಮೇಲೆ. ಅವರು ತಡೆದರೆ ಕ್ವಾರ್ಟರ್‌ಬ್ಯಾಕಿಗೆ ಪುರುಸೊತ್ತು ಸಿಗುತ್ತದೆ, ಬಿಟ್ಟರೆ ಅವನು ನೆಲಕ್ಕೆ. ಚೆಂಡು ಎಸೆಯುವ ಮುಂಚೆ ಅವನನ್ನು ಹಿಂದೆಯೇ ಕೆಡವಿದರೆ ಅದು ಸ್ಯಾಕ್.

ಫೀಲ್ಡ್ಸ್ ಮೊದಲ ಬಾರಿ ಆರಂಭಿಕ ಕ್ವಾರ್ಟರ್‌ಬ್ಯಾಕ್ ಆಗಿ ಇಳಿದದ್ದು 2021ರ ಸೆಪ್ಟೆಂಬರ್ 26ರಂದು, ಕ್ಲೀವ್‌ಲ್ಯಾಂಡ್ ಬ್ರೌನ್ಸ್ ವಿರುದ್ಧ. ನೀವೂ ನೋಡಿರಬೇಕು. ಅವನನ್ನು 9 ಸಲ ಸ್ಯಾಕ್ ಮಾಡಿದರು. ಅದರಲ್ಲಿ ನಾಲ್ಕೂವರೆ ಸ್ಯಾಕ್ (ಇಬ್ಬರು ಸೇರಿ ಕೆಡವಿದರೆ ಅರ್ಧರ್ಧ) ಬ್ರೌನ್ಸ್‌ನ ಮೈಲ್ಸ್ ಗ್ಯಾರೆಟ್ ಒಬ್ಬನದೇ. ಇಡೀ ಮ್ಯಾಚಿನಲ್ಲಿ ಬೇರ್ಸ್ ಅಫೆನ್ಸ್ ಮುಂದೆ ಹೋದದ್ದು 47 ಗಜ. ಸ್ಯಾಕ್‌ನಲ್ಲಿ ಹಿಂದೆ ಹೋದ ಗಜ ಕಳೆದರೆ ಪಾಸ್‌ನಿಂದ ಉಳಿದದ್ದು ಒಂದೇ ಒಂದು ಗಜ. ಅಷ್ಟು ಜನ ಮೇಲೆ ಬೀಳುತ್ತಿದ್ದರೂ ಲೈನಿಗೆ ಸಹಾಯಕ್ಕೆ ಇನ್ನೊಬ್ಬರನ್ನು ನಿಲ್ಲಿಸುವ ಪ್ಲೇಗಳು ಬರಲೇ ಇಲ್ಲ ಅನ್ನುವಷ್ಟು ಕಡಿಮೆ. ಹೊಸ ಹುಡುಗನೊಬ್ಬ ಆ ದಿನ ಏನು ತಾನೇ ಮಾಡಬೇಕಿತ್ತು?

2024ರಲ್ಲಿ ಕೇಲೆಬ್ ವಿಲಿಯಮ್ಸ್ ಬಂದ. ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವನು. ಆ ಸೀಸನ್‌ನಲ್ಲಿ ಅವನು 68 ಸಲ ಸ್ಯಾಕ್ ಆದ. ಒಂದೇ ಸೀಸನ್‌ನಲ್ಲಿ ಇದಕ್ಕಿಂತ ಜಾಸ್ತಿ ಸ್ಯಾಕ್ ಆದವರು ಇತಿಹಾಸದಲ್ಲೇ ಇಬ್ಬರು. 2002ರಲ್ಲಿ ಹ್ಯೂಸ್ಟನ್‌ನ ಡೇವಿಡ್ ಕಾರ್ 76 ಸಲ, 1986ರಲ್ಲಿ ಫಿಲಡೆಲ್ಫಿಯಾದ ರಾಂಡಲ್ ಕನಿಂಗ್‌ಹ್ಯಾಮ್ 72 ಸಲ. ಇದರ ನಡುವೆ ನವೆಂಬರ್‌ನಲ್ಲಿ ಬೇರ್ಸ್ ಅಫೆನ್ಸ್ ನೋಡಿಕೊಳ್ಳುವ ಕೋಚ್‌ನನ್ನು (ಕೋಆರ್ಡಿನೇಟರ್) ತೆಗೆದರು. ಅದೇ ತಿಂಗಳ ಕೊನೆಗೆ, ಡೆಟ್ರಾಯಿಟ್ ವಿರುದ್ಧದ ಥ್ಯಾಂಕ್ಸ್‌ಗಿವಿಂಗ್ ಮ್ಯಾಚ್ ಆದ ಮಾರನೇ ದಿನ, ಮುಖ್ಯ ಕೋಚ್‌ನನ್ನೂ ತೆಗೆದರು. ಆ ಮ್ಯಾಚಿನಲ್ಲಿ ಗಡಿಯಾರ ನಿಲ್ಲಿಸುವ ಟೈಮ್‌ಔಟ್ ಒಂದು ಕೈಯಲ್ಲಿ ಉಳಿದಿರುವಾಗಲೇ ಸಮಯ ಓಡಿಹೋಗಿ ಬೇರ್ಸ್ 23–20ರಿಂದ ಸೋತಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸೋಲಿಗಿಂತ ಜಾಸ್ತಿ ನೋವಾದದ್ದು, ಆ ಹುಡುಗನಿಗೆ ಏನು ಮಾಡಬೇಕು ಅಂತ ಹೇಳುವವರು ಯಾರೂ ಇರಲಿಲ್ಲವಲ್ಲ ಅಂತ.

2025ಕ್ಕೆ ಏನು ಬದಲಾಯಿತು ನೋಡಿ. ಡೆಟ್ರಾಯಿಟ್‌ನ ಅಫೆನ್ಸ್ ಕಟ್ಟಿದ್ದ ಬೆನ್ ಜಾನ್ಸನ್ ಮುಖ್ಯ ಕೋಚ್ ಆಗಿ ಬಂದರು. ಲೈನಿನ ನಡುವಿನ ಮೂರೂ ಜಾಗಕ್ಕೆ ಹೊರಗಿನಿಂದ ಜನ ಬಂದರು: ಜೋ ಥೂನಿ, ಡ್ರೂ ಡಾಲ್ಮನ್, ಜೋನಾ ಜಾಕ್ಸನ್. ಕ್ವಾರ್ಟರ್‌ಬ್ಯಾಕ್ ಅದೇ ಕೇಲೆಬ್. ಸ್ಯಾಕ್ 68ರಿಂದ 24ಕ್ಕೆ ಇಳಿಯಿತು. ಹಿಂದಿನ ವರ್ಷ 5 ಗೆದ್ದಿದ್ದ ತಂಡ 11 ಗೆದ್ದಿತು. ಪ್ಲೇಆಫ್‌ನಲ್ಲಿ ನಮ್ಮ ಹಳೆಯ ಎದುರಾಳಿ ಗ್ರೀನ್ ಬೇ ಪ್ಯಾಕರ್ಸ್‌ನ್ನು ಸೋಲಿಸಿತು. ಬೇರ್ಸ್ ಅಭಿಮಾನಿಗೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ.

ಹಾಗಂತ ನಿಮ್ಮ ಮಾತು ಪೂರ್ತಿ ಸುಳ್ಳಲ್ಲ. ಕೇಲೆಬ್‌ಗೆ ಓಡಿ ತಪ್ಪಿಸಿಕೊಳ್ಳುವ ಕಲೆ ಇದೆ, ಅದರ ಮೇಲೆ ನಂಬಿಕೆಯೂ ಇದೆ. ಅದಕ್ಕೇ ಹತ್ತಿರದ ಸುಲಭ ಪಾಸ್ ಬಿಟ್ಟು ಇನ್ನೂ ಕಾಯುತ್ತಾನೆ. 2025ರಲ್ಲೂ ಅವನು ಎಸೆದ ನೂರು ಪಾಸ್‌ಗಳಲ್ಲಿ ಅರವತ್ತು ಕೂಡ ಗುರಿ ಮುಟ್ಟಲಿಲ್ಲ. ಅದನ್ನು ಸುಧಾರಿಸಿಕೊಳ್ಳಬೇಕಾದದ್ದು ಅವನೇ, ಲೈನಲ್ಲ.

ಮುಂದಿನ ಮ್ಯಾಚ್ ನೀವಿಬ್ಬರೂ ಒಟ್ಟಿಗೆ ಕೂತು ನೋಡಿ. ಸ್ಯಾಕ್ ಆದಾಗ ರಿಪ್ಲೇ ಬರುತ್ತದೆ, ಅಲ್ವಾ? ಆಗ ಚೆಂಡು ನೋಡಬೇಡಿ, ಐವರನ್ನು ನೋಡಿ. ಚೆಂಡು ಹಿಂದಕ್ಕೆ ಬಂದ ಕ್ಷಣದಿಂದ ಎಣಿಸಿ. ಎರಡೂವರೆ ಸೆಕೆಂಡ್ ಆಗುವ ಮುಂಚೆಯೇ ಎದುರಾಳಿ ಮುಟ್ಟಿದರೆ ಅದು ಬಹುಮಟ್ಟಿಗೆ ಲೈನಿನ ಲೆಕ್ಕ, ಇಲ್ಲವೇ ತಪ್ಪು ಪ್ಲೇ ಕೊಟ್ಟ ಕೋಚಿನ ಲೆಕ್ಕ. ನಾಲ್ಕು ಸೆಕೆಂಡ್ ದಾಟಿದ್ದರೆ ಮೊದಲು ಮೈದಾನದ ಆ ಕಡೆ ನೋಡಿ. ಪಾಸ್ ಹಿಡಿಯುವ ರಿಸೀವರ್ ಒಬ್ಬನಾದರೂ ಖಾಲಿ ಇದ್ದನಾ? ಇದ್ದರೆ ಕ್ವಾರ್ಟರ್‌ಬ್ಯಾಕ್ ತಪ್ಪು. ಎಲ್ಲರಿಗೂ ಒಬ್ಬೊಬ್ಬ ಅಂಟಿಕೊಂಡಿದ್ದರೆ ರಿಸೀವರ್‌ಗಳ ಪಾಲೂ ಇದೆ, ಆದರೂ ಚೆಂಡನ್ನು ಹೊರಗೆ ಎಸೆದುಬಿಡಬಹುದಿತ್ತಲ್ಲ ಅನ್ನುವ ಪ್ರಶ್ನೆ ಉಳಿಯುತ್ತದೆ. ಒಂದೊಂದು ಸ್ಯಾಕ್‌ಗೂ ಹೀಗೆ ಹೆಸರು ಬರೆಯಿರಿ. ಮ್ಯಾಚ್ ಮುಗಿಯುವ ಹೊತ್ತಿಗೆ ನಿಮ್ಮ ಜಗಳಕ್ಕೆ ಒಂದು ಕಾಗದ ಸಿಕ್ಕಿರುತ್ತದೆ.

ಪ್ರಶ್ನೆ: ಸತತ ಮೂರು ಸೋಲು. ಬ್ಯಾಕಪ್ ಕ್ವಾರ್ಟರ್‌ಬ್ಯಾಕ್‌ನನ್ನು ಇಳಿಸಬಾರದಾ?
– ಔಂಧ್

ಉತ್ತರ: ಇಳಿಸಬಹುದು, ಆದರೆ ಅದೇ ಲೈನ್ ಹಿಂದೆ ನಿಲ್ಲಬೇಕು. ವಾರದ ಅಭ್ಯಾಸದಲ್ಲಿ ಹೆಚ್ಚಿನ ಪಾಲು ಆರಂಭಿಕನಿಗೇ ಸಿಗುತ್ತದೆ, ಬ್ಯಾಕಪ್ ಮುಖ್ಯ ರಿಸೀವರ್‌ಗಳ ಜೊತೆ ಆಡುವುದೇ ಕಡಿಮೆ. ಮೊದಲನೆಯವನಿಗೆ ಪೆಟ್ಟಾಗಿದ್ದರೆ, ಇಲ್ಲವೇ ಎದುರಿನ ಡಿಫೆನ್ಸ್ ಓದಲು ಅವನಿಗೆ ಬರುತ್ತಲೇ ಇಲ್ಲ ಅಂತ ಕೋಚ್‌ಗೆ ಖಾತ್ರಿ ಇದ್ದರೆ ಬದಲಿಸಲಿ. ಸ್ಟೇಡಿಯಂ ಕೂಗಿತು ಅಂತ ಬೇಡ.

ಪ್ರಶ್ನೆ: ನೀವು ಶಿಕಾಗೋದಲ್ಲಿ ಇದ್ದವರಂತೆ. 'ಡಬಲ್ ಡೋಯಿಂಕ್' ದಿನ ಅಲ್ಲಿದ್ದಿರಾ? ನನ್ನ ಅಣ್ಣ ಇವತ್ತಿಗೂ ಆ ಕಿಕ್ಕರ್ ಹೆಸರು ಕೇಳಿದರೆ ಉರಿಯುತ್ತಾನೆ.
– ಮಾಟುಂಗಾ, ಮುಂಬೈ

ಉತ್ತರ: ಇದ್ದೆ. 2019ರ ಜನವರಿ 6. ನೇಪರ್‌ವಿಲ್‌ನ ಪಕ್ಕದ ಮನೆಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದೆವು. ಫಿಲಡೆಲ್ಫಿಯಾ ಈಗಲ್ಸ್ ಒಂದು ಪಾಯಿಂಟ್ ಮುಂದೆ. ಹತ್ತು ಸೆಕೆಂಡ್ ಉಳಿದಿತ್ತು. ನಮ್ಮ ಕಿಕ್ಕರ್ ಕೋಡಿ ಪಾರ್ಕಿ 43 ಗಜದ ಕಿಕ್ ಒದೆಯಬೇಕು, ಕಂಬಗಳ ಒಳಗೆ ಹೋದರೆ ಗೆಲುವು. ಚೆಂಡು ಎಡಗಂಬಕ್ಕೆ ಬಡಿಯಿತು, ಕೆಳಗೆ ಅಡ್ಡಪಟ್ಟಿಗೆ ಬಡಿಯಿತು, ಹೊರಗೆ ಬಿತ್ತು. ಆ ಎರಡು ಬಡಿತವೇ 'ಡಬಲ್ ಡೋಯಿಂಕ್'. 16–15ರಿಂದ ಸೋತೆವು. ಆ ಮನೆಯ ಅಜ್ಜ ಎದ್ದು ಅಡುಗೆಮನೆಗೆ ಹೋದರು, ನಾವು ಹೊರಡುವ ತನಕ ವಾಪಸ್ ಬರಲಿಲ್ಲ. ಆಮೇಲೆ ವಾರಗಟ್ಟಲೆ ಊರೆಲ್ಲ ಪಾರ್ಕಿಗೇ ಬೈದರು.

ನಿಮ್ಮ ಅಣ್ಣನಿಗೆ ಎರಡು ವಿಷಯ ಹೇಳಿ. ಈಗಲ್ಸ್‌ನ ಟ್ರೇವೋನ್ ಹೆಸ್ಟರ್ ಬೆರಳು ಆ ಚೆಂಡಿಗೆ ತಾಗಿತ್ತು. ಮಾರನೇ ದಿನ ಲೀಗ್ (ಎನ್‌ಎಫ್‌ಎಲ್) ದಾಖಲೆಯನ್ನೇ ತಿದ್ದಿ ಅದನ್ನು ತಡೆದ ಕಿಕ್ ಅಂತ ಬರೆಯಿತು. ಅಂದರೆ ಹೆಸ್ಟರ್‌ನನ್ನು ತಡೆಯಬೇಕಾದವರು ಇನ್ನೊಂದಿಷ್ಟು ಗಟ್ಟಿಯಾಗಿ ನಿಂತಿದ್ದರೆ ಕಥೆಯೇ ಬೇರೆ ಆಗಬಹುದಿತ್ತು. ಎರಡನೆಯದು, ಸ್ವಂತ ಮೈದಾನದಲ್ಲಿ, ಅಷ್ಟು ಒಳ್ಳೆಯ ಡಿಫೆನ್ಸ್ ಇಟ್ಟುಕೊಂಡು, ನಮ್ಮ ಅಫೆನ್ಸ್ ನಾಲ್ಕು ಕ್ವಾರ್ಟರ್‌ನಲ್ಲಿ ಗಳಿಸಿದ್ದು 15 ಪಾಯಿಂಟ್. ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿದರೆ ಆರು ಪಾಯಿಂಟ್) ಒಂದೇ. ಮಿಕ್ಕ ಮೂರು ಸಲ ಚೆಂಡನ್ನು ಕಂಬಗಳ ನಡುವೆ ಒದ್ದು (ಫೀಲ್ಡ್ ಗೋಲ್) ಒಂಬತ್ತು ಪಾಯಿಂಟ್ ತಂದದ್ದು ಅದೇ ಪಾರ್ಕಿ. ಬೈಯುವಾಗ ಇದನ್ನು ಯಾರೂ ನೆನೆಯಲಿಲ್ಲ. ನನಗೆ ಇವತ್ತಿಗೂ ಅದು ಅನ್ಯಾಯ ಅನಿಸುತ್ತದೆ.

ಪ್ರಶ್ನೆ: ಮೇಡಂ, ನಮ್ಮ ಕ್ಲೈಂಟ್ ನ್ಯೂಜೆರ್ಸಿ, ಹಾಗಾಗಿ ನಾನು ನ್ಯೂಯಾರ್ಕ್ ಜೆಟ್ಸ್. ನಮ್ಮಲ್ಲಿ ಕೆಟ್ಟದಾಗಿ ಆಡಿದವರು ಬೇರೆ ಕಡೆ ಹೋಗಿ ಹೀರೋ ಆಗುತ್ತಾರೆ. ಇದೇನು ಶಾಪವಾ? ಮನೆಯಲ್ಲಿ ನಮ್ಮಮ್ಮ ತಂಡವನ್ನೇ ಬದಲಿಸು ಅಂತಾರೆ.
– ಬಾಣೇರ್

ಉತ್ತರ: ಶಾಪ ಅಲ್ಲ. ಶಾಪ ಅಂದರೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಇಲ್ಲಿ ಉತ್ತರ ಕೊಡಬೇಕಾದವರು ಇದ್ದಾರೆ.

ನಿಮ್ಮ ಕ್ವಾರ್ಟರ್‌ಬ್ಯಾಕ್ ಆಗಿದ್ದ ಸ್ಯಾಮ್ ಡಾರ್ನಾಲ್ಡ್‌ನನ್ನು ನೋಡಿ. 2018ರ ಡ್ರಾಫ್ಟ್‌ನಲ್ಲಿ ಮೂರನೇ ಆಯ್ಕೆ. ಎರಡನೇ ವರ್ಷಕ್ಕೇ ಮುಖ್ಯ ಕೋಚ್ ಬದಲಾದರು, ಕಲಿತ ಅಫೆನ್ಸ್ ಬಿಟ್ಟು ಹೊಸದು ಕಲಿಯಬೇಕಾಯಿತು. 2019ರ ಅಕ್ಟೋಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ವಿರುದ್ಧ 33–0 ಸೋಲು, ನಾಲ್ಕು ಇಂಟರ್‌ಸೆಪ್ಷನ್, ಅಂದರೆ ಅವನ ಪಾಸ್ ಎದುರಾಳಿಯ ಕೈಗೆ. ತನಗೆ ದೆವ್ವಗಳು ಕಾಣುತ್ತಿವೆ ಅಂತ ಅವನು ಬೆಂಚಿನಲ್ಲಿ ಹೇಳಿದ್ದು ಟಿವಿ ಮೈಕಿಗೆ ಸಿಕ್ಕಿತು. ಇಲ್ಲದ ಎದುರಾಳಿಗಳೂ ಕಣ್ಣಿಗೆ ಬರುವಷ್ಟು ಒತ್ತಡ ಅಂತ ಅರ್ಥ. ವಯಸ್ಸು 22. ಅದನ್ನೇ ಹಿಡಿದು ವರ್ಷಗಟ್ಟಲೆ ಆಡಿಕೊಂಡರು. 2021ರಲ್ಲಿ ಜೆಟ್ಸ್ ಅವನನ್ನು ಬಿಟ್ಟುಕೊಟ್ಟಿತು.

2024ರಲ್ಲಿ ಅವನು ಮಿನೆಸೋಟ ವೈಕಿಂಗ್ಸ್‌ಗೆ ಹೋದ. ಅಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಸುಲಭ ಆಗುವ ಹಾಗೆ ಪ್ಲೇ ಕಟ್ಟುವ ಕೋಚ್ ಇದ್ದರು, ಜಸ್ಟಿನ್ ಜೆಫರ್ಸನ್‌ನಂಥ ರಿಸೀವರ್ ಇದ್ದ. 14 ಗೆಲುವು, 35 ಟಚ್‌ಡೌನ್ ಪಾಸ್. ಆಮೇಲೆ ಸಿಯಾಟಲ್ ಸೀಹಾಕ್ಸ್. 2026ರ ಫೆಬ್ರವರಿಯಲ್ಲಿ ಸೂಪರ್ ಬೌಲ್ (ಲೀಗಿನ ಫೈನಲ್) ಗೆದ್ದ, ಅದೂ ಅದೇ ಪೇಟ್ರಿಯಟ್ಸ್ ವಿರುದ್ಧ. ಅವನಿಗಿಂತ ಮುಂಚೆ ಜೀನೋ ಸ್ಮಿತ್ ಕೂಡ ಜೆಟ್ಸ್ ಬಿಟ್ಟು ಎಷ್ಟೋ ವರ್ಷ ಬೆಂಚಿನಲ್ಲಿ ಕೂತು, 2022ರಲ್ಲಿ ಸಿಯಾಟಲ್‌ನಲ್ಲಿ ಎದ್ದು ನಿಂತ.

ಎಳೆಯ ಕ್ವಾರ್ಟರ್‌ಬ್ಯಾಕ್ ಬಂದಾಗ ಅವನ ಸುತ್ತ ತಂಡ ಕಟ್ಟುವ ಬದಲು, ತಂಡವನ್ನು ಅವನೇ ಎತ್ತಲಿ ಅಂತ ಜೆಟ್ಸ್ ಕಾದಿತು. ಆಗಲಿಲ್ಲ ಅಂದಾಗ ಇನ್ನೊಬ್ಬನನ್ನು ತಂದಿತು. 2021ರಲ್ಲಿ ಎರಡನೇ ಆಯ್ಕೆಯಾಗಿ ಬಂದ ಜ್ಯಾಕ್ ವಿಲ್ಸನ್ ಕಥೆಯೂ ಇದೇ. 2023ರಲ್ಲಿ ಆರನ್ ರಾಜರ್ಸ್ ಬಂದಾಗ ನಾಲ್ಕನೇ ಪ್ಲೇಗೇ ಹಿಮ್ಮಡಿಯ ನರ ಹರಿದು ಸೀಸನ್ ಮುಗಿಯಿತು. ಅದೊಂದಕ್ಕೆ ಮಾತ್ರ ಯಾರನ್ನೂ ದೂರುವುದು ಕಷ್ಟ.

ಅಮ್ಮನಿಗೆ ಹೇಳಿ, ತಂಡ ಬದಲಿಸಬೇಕಾಗಿಲ್ಲ. ಜೋ ನೇಮತ್ ಇದ್ದ ಜೆಟ್ಸ್ 1969ರ ಜನವರಿಯಲ್ಲಿ ಗೆದ್ದ ಸೂಪರ್ ಬೌಲೇ ಮೊದಲನೆಯದು, ಕೊನೆಯದು. ಅಲ್ಲಿಂದ ಕಾಯುತ್ತಿರುವ ಅಜ್ಜಂದಿರು ಇದ್ದಾರೆ. ನೀವು ಈಗ ತಾನೇ ಶುರು ಮಾಡಿದ್ದೀರಿ. ಆದರೆ ಮುಂದಿನ ಡ್ರಾಫ್ಟ್‌ನಲ್ಲಿ ಯಾವ ಕ್ವಾರ್ಟರ್‌ಬ್ಯಾಕ್ ಬರುತ್ತಾನೆ ಅಂತ ಮಾತ್ರ ಕೇಳಬೇಡಿ. ಕೋಚ್ ಮೂರು ವರ್ಷವಾದರೂ ಇರುತ್ತಾರಾ ಅಂತ ಕೇಳಿ.

ಪ್ರಶ್ನೆ: ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕ್ವಾರ್ಟರ್‌ಬ್ಯಾಕ್ ಡೆಶಾನ್ ವಾಟ್ಸನ್‌ಗೆ ಅಷ್ಟು ದುಡ್ಡು ಕೊಟ್ಟದ್ದು ಸರಿಯಾ?
– ಖರಾಡಿ

ಉತ್ತರ: ಸರಿಯಲ್ಲ. 2022ರಲ್ಲಿ ಮೂರು ಮೊದಲ ಸುತ್ತಿನ ಆಯ್ಕೆಗಳನ್ನು ಕೊಟ್ಟು ಅವನನ್ನು ತಂದರು. ಐದು ವರ್ಷಕ್ಕೆ 23 ಕೋಟಿ ಡಾಲರ್, ಆಡಲಿ ಬಿಡಲಿ ಪೂರ್ತಿ ಖಾತ್ರಿ. ಆಗ 20ಕ್ಕೂ ಹೆಚ್ಚು ಮಹಿಳೆಯರು ಅವನ ಮೇಲೆ ಲೈಂಗಿಕ ದುರ್ವರ್ತನೆಯ ಸಿವಿಲ್ ದಾವೆ ಹೂಡಿದ್ದರು. ಅವನು ಆರೋಪ ಒಪ್ಪಲಿಲ್ಲ, ಕ್ರಿಮಿನಲ್ ಕೇಸ್ ದಾಖಲಾಗಲಿಲ್ಲ, ಆದರೆ ಲೀಗ್ 11 ಪಂದ್ಯ ಹೊರಗಿಟ್ಟಿತು. ಆ ಹೆಣ್ಣುಮಕ್ಕಳ ದೂರು ಗೊತ್ತಿದ್ದೂ ಅಂಥ ಕರಾರು ಬರೆದದ್ದು ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ. ಆಟದ ಲೆಕ್ಕದಲ್ಲೂ ಅದು ಕೈಕೊಟ್ಟಿತು. ಅಲ್ಲಿಂದ ಹೊರಗೆ ಹಾಕಿಸಿಕೊಂಡ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್ ಟ್ಯಾಂಪಾ ಬೇಯನ್ನು 2023ರಲ್ಲೂ 2024ರಲ್ಲೂ ಪ್ಲೇಆಫ್‌ಗೆ ಒಯ್ದ. ಬ್ರೌನ್ಸ್ 2023ರಲ್ಲಿ ಪ್ಲೇಆಫ್ ಮುಟ್ಟಿದ್ದು ಸೀಸನ್ ನಡುವೆ ಕರೆತಂದ 38 ವರ್ಷದ ಜೋ ಫ್ಲ್ಯಾಕೋನಿಂದ.

ಪ್ರಶ್ನೆ: ಅಕ್ಕ, ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಊರು ಕಲಬುರಗಿ, ಹಾಸ್ಟೆಲ್‌ನಲ್ಲಿದ್ದೇನೆ. ನಾವು ಹುಡುಗಿಯರು ಫ್ಲ್ಯಾಗ್ ಫುಟ್‌ಬಾಲ್ ಆಡುತ್ತೇವೆ, ನಾನೇ ಕ್ವಾರ್ಟರ್‌ಬ್ಯಾಕ್. ಹೋದ ಮ್ಯಾಚಿನಲ್ಲಿ ಮೂರು ಇಂಟರ್‌ಸೆಪ್ಷನ್ ಆಯಿತು. ಆಮೇಲೆ ಯಾರೂ ಸರಿಯಾಗಿ ಮಾತಾಡುತ್ತಿಲ್ಲ. ಬಿಟ್ಟುಬಿಡಲಾ?
– ಪುಣೆ

ಉತ್ತರ: ಬಿಡಬೇಡಮ್ಮ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ನಿನ್ನ ಆಟ ಮೊದಲ ಸಲ ಬರುತ್ತಿದೆ, ಹೆಂಗಸರಿಗೂ ಗಂಡಸರಿಗೂ. ಐದೈದು ಜನರ ಆಟ, ಕೆಡವುವಂತಿಲ್ಲ, ಸೊಂಟಕ್ಕೆ ತೂಗುಬಿಟ್ಟ ಪಟ್ಟಿ ಕಿತ್ತರೆ ಸಾಕು. ನಮ್ಮ ದೇಶದಲ್ಲಿ ಈ ಆಟದ ಕ್ವಾರ್ಟರ್‌ಬ್ಯಾಕ್ ಆಗಿ ನಿಂತು ಕಲಿತ ಹುಡುಗಿಯರು ಎಷ್ಟು ಜನ ಇದ್ದಾರೆ ಹೇಳು.

ಈಗ ಕೆಲಸದ ಮಾತು. ನಿನ್ನ ಮೇಲೆ ರಷ್ ಮಾಡುವವಳು, ಅಂದರೆ ಹಿಡಿಯಲು ಓಡಿಬರುವವಳು, ಆಟ ಶುರುವಾಗುವ ಗೆರೆಯಿಂದ ಏಳು ಗಜ ಹಿಂದಿನಿಂದ ಹೊರಡಬೇಕು. ಅದು ನಿನಗೆ ಸಿಗುವ ಸಮಯ, ಜಾಸ್ತಿ ಇಲ್ಲ, ಆದರೆ ಇದೆ. ಚೆಂಡು ಕೈಗೆ ಬರುವ ಮುಂಚೆಯೇ ಮೊದಲು ಯಾರು, ಅವಳು ಸಿಗದಿದ್ದರೆ ಯಾರು ಅಂತ ಎರಡೇ ಹೆಸರು ಗಟ್ಟಿ ಮಾಡಿಕೋ. ಮೂರನೇ ಹೆಸರು ಹುಡುಕುವ ಹೊತ್ತಿಗೇ ಹೆಚ್ಚಿನ ಇಂಟರ್‌ಸೆಪ್ಷನ್ ಆಗುವುದು. ಇಬ್ಬರೂ ಸಿಗದಿದ್ದರೆ ಚೆಂಡನ್ನು ಗೆರೆಯ ಆಚೆ ಎಸೆದುಬಿಡು. ಒಂದು ಅವಕಾಶ ಹೋಗುತ್ತದೆ, ಚೆಂಡು ನಿಮ್ಮಲ್ಲೇ ಉಳಿಯುತ್ತದೆ. ಅಭ್ಯಾಸದಲ್ಲಿ ಓಡುವ ಗೆಳತಿ ತಿರುಗುವ ಮುಂಚೆಯೇ ಚೆಂಡು ಕೈ ಬಿಡುವುದನ್ನು ಕಲಿ. ಅವಳು ತಿರುಗಿದ ಮೇಲೆ ಎಸೆದರೆ ಎದುರಿನವಳಿಗೂ ಕಾಣುತ್ತದೆ. ಇದು ನಿನ್ನೊಬ್ಬಳಿಂದ ಆಗುವುದಲ್ಲ. ಅವಳು ಹೇಳಿದ ಜಾಗದಲ್ಲೇ, ಹೇಳಿದ ಹೆಜ್ಜೆಗೇ ತಿರುಗಬೇಕು. ಮೂರರಲ್ಲಿ ಎಷ್ಟು ಇಂಟರ್‌ಸೆಪ್ಷನ್ ಹಾಗೆ ಆದವು ಅಂತ ಎಲ್ಲರೂ ಒಟ್ಟಿಗೆ ಕೂತು ನೋಡಬೇಕು.

ಮಾತಾಡದ ಗೆಳತಿಯರನ್ನು ನೀನೇ ಕರೆ. ಕ್ಷಮೆ ಕೇಳಲು ಅಲ್ಲ, ಮ್ಯಾಚ್ ನೋಡಲು. ಯಾರಾದರೂ ಫೋನಿನಲ್ಲಿ ವಿಡಿಯೋ ತೆಗೆದಿದ್ದರೆ ಪತ್ರಿಕೆಯ ವಿಳಾಸಕ್ಕೆ ಕಳಿಸು. ನಾನು ಪೂರ್ತಿ ನೋಡಿ, ಮೂರೂ ಪಾಸ್ ಬಗ್ಗೆ ನಿನಗೆ ಬೇರೆಯಾಗಿ ಬರೆಯುತ್ತೇನೆ.